ನೀಲತ್ತಿ ಬೀಳುವುದಕ್ಕೊಂದು ಇಂಗ್ಲಿಷ್ ಮಾತು

ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುವ ಸದ್ದು, ಅದರ ಹಿಂದೆಯೇ ಮೂಗಿಗೆ ಬಂದು ಬಡಿಯುವ ಹಸಿ ಘಾಟು, ಇವೆರಡೂ ಒಟ್ಟಿಗೆ ಸಿಕ್ಕರೆ ನಾನು ಇಂದಿಗೂ ತಾಟು ಬಿಟ್ಟು ಅರ್ಧ ಎದ್ದುಬಿಡುತ್ತೇನೆ. ಎದುರು ಕುಳಿತವರು ಏನಾಯಿತೆಂದು ಕೇಳುತ್ತಾರೆ. ಏನಿಲ್ಲ, ಕಾಲು ಜೋಮು ಹಿಡಿಯಿತು ಎನ್ನುತ್ತೇನೆ. ನಮ್ಮ ಸೀಮೆಯವರಿಗೆ ಆ ಸದ್ದೆಂದರೆ ಬಿಸಿ ರೊಟ್ಟಿ, ಪುಂಡಿಪಲ್ಯ, ಹೊಟ್ಟೆತುಂಬ ಊಟ. ಅತನೂರಿನ ನಮ್ಮ ಮನೆಯಲ್ಲಿ ಮಾತ್ರ, ಊಟದ ಹೊತ್ತಲ್ಲದ ಹೊತ್ತಿನಲ್ಲಿ ಉಳ್ಳಾಗಡ್ಡಿ ಒಡೆದರೆ, ಗೋದಲಿಯಲ್ಲಿ ಕಣಿಕಿ ಮೇಯುತ್ತಿದ್ದ ಎತ್ತುಗಳೂ ಕತ್ತೆತ್ತಿ ನೋಡುತ್ತಿದ್ದವು. ನೀಲತ್ತಿ ಬಿದ್ದಳೆಂದು ಅವಕ್ಕೂ ತಿಳಿಯುತ್ತಿತ್ತು. ಆ ಮನೆ ಈಗಿಲ್ಲ. ನೀವೂ ಅಂಥದೇ ಮನೆಯಲ್ಲಿ ಬೆಳೆದವರಾದರೆ ನಾನು ಬಣ್ಣಿಸಬೇಕಾದದ್ದೂ ಇಲ್ಲ: ಬಾಗಿಲು ದಾಟಿದ ಕೂಡಲೇ ದನಗಳು, ದನಗಳನ್ನು ದಾಟಿ ಮೆಟ್ಟಿಲು ಹತ್ತಿದರೆ ಶಹಾಬಾದಿ ಕಲ್ಲು ಹಾಸಿದ ಪಡಸಾಲೆ, ಅದರಾಚೆ ಹಗಲಿನಲ್ಲೂ ಕತ್ತಲಿರುವ ಅಡುಗೆಮನೆ. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಬರಿಮೈಯಲ್ಲಿ ಮಲಗಿದರೆ ಬೆನ್ನಿಗೇರುವ ತಂಪು, ದನದ ಉಸಿರು, ಶೇಂಗಾ ಎಣ್ಣೆ, ಮುತ್ಯಾ, ಅಂದರೆ ನನ್ನ ಅಜ್ಜ, ಹಣೆಗೆ ಬಳಿದುಕೊಳ್ಳುತ್ತಿದ್ದ ವಿಭೂತಿ, ಎಲ್ಲ ಕಲೆತ ಒಂದು ಗಾಳಿ. ಅಂಥ ಗಾಳಿಯನ್ನು ಈಗ ಎಲ್ಲಿಂದ ತರುವುದು?

ನೀಲತ್ತಿ ನನ್ನ ಅಪ್ಪನ ತಂಗಿ. ಭೀಮಾ ಹೊಳೆಯಾಚೆ ಜೇವರ್ಗಿ ಕಡೆಯ ಒಂದೂರಿಗೆ ಅವಳನ್ನು ಕೊಟ್ಟಿದ್ದರು. ಮದುವೆಯಾದ ಮರುವರ್ಷ ಒಲೆಯ ಮುಂದೆ ಕುಳಿತವಳು ಒಮ್ಮೆಲೇ ಬಿದ್ದು ಕೈಕಾಲು ಸೆಟೆದಳಂತೆ. ಮತ್ತೊಮ್ಮೆ ಬಿದ್ದಾಗ ಸೆರಗಿಗೆ ಕಿಡಿ ತಾಕಿತು. ಅವಳ ಅತ್ತೆ ಅದನ್ನು ಗಾಳಿ ಎಂದಳು, ಅಂದರೆ ದೆವ್ವದ ಸೋಂಕು. ಗುಣವಾದ ಮೇಲೆ ಕರೆದುಕೊಂಡು ಹೋಗುತ್ತೇವೆಂದು ಬಂಡಿಯಲ್ಲಿ ಕೂರಿಸಿ ತವರಿಗೆ ಕಳಿಸಿಬಿಟ್ಟಳು. ಬಂಡಿ ಹೊಡೆದುಕೊಂಡು ಬಂದವನು ಗಂಡನೇ, ಮಲ್ಲಪ್ಪ ಮಾಮಾ. ನಮ್ಮ ಅಂಗಳದಲ್ಲಿ ತನ್ನ ಎತ್ತಿನ ಬೆನ್ನು ಸವರುತ್ತ ನಿಂತ, ಕೊಟ್ಟ ಬೆಲ್ಲ ನೀರು ಮುಟ್ಟಿದ, ಒಂದು ಮಾತೂ ಆಡದೆ ಹೋದ. ಆಮೇಲೆ ಹೊಳೆಯಾಚೆಯಿಂದ ಸುದ್ದಿಯೇ ಇಲ್ಲ. ನಮ್ಮ ಮನೆಯಲ್ಲಿಯೂ ಅವಳನ್ನು ಒಲೆಗೂ ಬಾವಿಗೂ ದೂರ ಇಟ್ಟರು. ಪ್ರೀತಿಯಿಂದಲೇ ಇಟ್ಟರು, ಆದರೆ ದೂರ ದೂರವೇ ಅಲ್ಲವೆ. ತಾಟಿನಗಲದ ರೊಟ್ಟಿಯನ್ನು ಅಂಚು ಒಡೆಯದಂತೆ ಬಡಿಯುತ್ತಿದ್ದ ಕೈ, ಈಗ ಹಗಲೆಲ್ಲ ಗೋಡೆಗಾತು ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯಬೇಕು. ಅವಳಿಗೆ ಬೇಕಾದದ್ದು ಒಂದೇ, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ. ಓಣಿಯ ಹೆಂಗಸರು ಬಂದು ಕನಿಕರದ ಮಾತಾಡಿದರೆ, "ನನ್ನ ಒಲಿ ಅಲ್ಲಿ ಅದ. ನಾನೇ ಮಣ್ಣು ಕಲಸಿ ಹಾಕೀನಿ. ನಾ ಹೋಗ್ತೇನಿ" ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ನಾನು ಆಗ ಊರಿಗೆಲ್ಲ ನಕಲಿ ಬಸ್ಯಾ. ಕಂಡವರನ್ನೆಲ್ಲ ನಕಲು ಮಾಡುವುದೇ ನನ್ನ ಉದ್ಯೋಗ. ಮುತ್ಯಾ ಕೂಡುವುದನ್ನು ಮಾಡಿ ತೋರಿಸುತ್ತಿದ್ದೆ: ಹೊರೆ ಹೊತ್ತ ಒಂಟೆಯ ಹಾಗೆ ಮೊದಲು ಮುಂದೆ ಬಾಗಿ, ಆಮೇಲೆ ಹಿಂದೆ ಕುಸಿದು, ನಡುವೆ ಎಲ್ಲೋ ಒಂದು "ಶಿವಾ" ಬಿಟ್ಟು. ಆಯಿ, ಅಂದರೆ ನನ್ನ ಅಜ್ಜಿ, ಹೊಸ್ತಿಲಿಗೆ ಎಡವಿ, ಎಡವಿದ್ದು ತಾನಲ್ಲ ಹೊಸ್ತಿಲೇ ಎಂಬಂತೆ ಅದಕ್ಕೆ ಬೈಯುವುದನ್ನು ಮಾಡುತ್ತಿದ್ದೆ. ನನ್ನನ್ನೂ ನಾನು ಬಿಟ್ಟವನಲ್ಲ. ತಿಪ್ಪೆಯಲ್ಲಿ ಅಂಗಾತ ಬಿದ್ದು ಎದ್ದು, ಯಾರೂ ನೋಡಲಿಲ್ಲವೆಂದು ಶಿಳ್ಳೆ ಹಾಕುತ್ತ, ಬೆನ್ನ ತುಂಬ ಸಗಣಿ ಮೆತ್ತಿಕೊಂಡು ಶಾಣ್ಯಾನಂತೆ ಮನೆಗೆ ಬರುವ ನನ್ನನ್ನು ಮಾಡಿದರೆ ಎಲ್ಲಕ್ಕಿಂತ ಹೆಚ್ಚು ನಗು. ನೀಲತ್ತಿ ಬೀಳುವುದೊಂದನ್ನು ಮಾತ್ರ ಮಾಡುತ್ತಿರಲಿಲ್ಲ. ಬರುತ್ತಿರಲಿಲ್ಲವೆಂದಲ್ಲ. ಒಮ್ಮೆ ನೋಡಿದ್ದು ನನ್ನ ಮೈಗೆ ತಾನಾಗಿಯೇ ಬಂದುಬಿಡುತ್ತಿತ್ತು. ಆದರೆ ಅವಳು ಬಿದ್ದಾಗ ಮನೆಯಲ್ಲಿ ಏಳುತ್ತಿದ್ದ ಗದ್ದಲವೇ ಅಂಥದು: ಆಯಿ ಕಾಳಿನ ಕೋಣೆಯ ಕಬ್ಬಿಣದ ಕೀಲಿಕೈ ಗೊಂಚಲು ಹುಡುಕಿ ತಂದು ಅವಳ ಮುಷ್ಟಿಯೊಳಗೆ ತುರುಕುವಳು, ಕಬ್ಬಿಣ ಮುಟ್ಟಿದರೆ ಇಳಿಯುತ್ತದೆಂದು. ಅವ್ವ ಉಳ್ಳಾಗಡ್ಡಿ ಗುದ್ದಿ ಮೂಗಿಗೆ ಹಿಡಿಯುವಳು. ಮುತ್ಯಾ ಇದ್ದಬದ್ದ ದೇವರನ್ನೆಲ್ಲ ಹೆಸರು ಹಿಡಿದು ಕರೆಯುವನು. ಬಾಗಿಲಲ್ಲಿ ಓಣಿಯೇ ನೆರೆಯುವುದು. ಅದರಲ್ಲಿ ನಗುವಂಥದೇನೂ ನನಗೆ ಕಂಡಿರಲಿಲ್ಲ.

ಗುರುಕಾಕಾ ಅಪ್ಪನ ಕೊನೆಯ ತಮ್ಮ, ಆಳಂದದ ಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ನಿಜಾಮರ ರಾಜ್ಯ, ಸ್ಕೂಲಿಗೆ ಶುಕ್ರವಾರ ಸೂಟಿ. ತಿಂಗಳಿಗೊಮ್ಮೆ ಗುರುವಾರ ಸಂಜೆ ಮೋಟಾರು ಹಿಡಿದು ಮೈಯೆಲ್ಲ ಕೆಂಧೂಳಾಗಿ ಬಂದಿಳಿಯುತ್ತಿದ್ದ. ಕನ್ನಡ ಮಾತಾಡುವ ಹುಡುಗರಿಗೆ ಉರ್ದುವಿನಲ್ಲಿ ಇಂಗ್ಲಿಷ್ ಕಲಿಸಿ ಕಲಿಸಿ ಅವನಿಗೊಂದು ಚಟ ಹತ್ತಿತ್ತು. ಒಂದೊಂದು ಇಂಗ್ಲಿಷ್ ಮಾತು ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಹೇಗೆ ಇಲ್ಲಿಗೆ ಬಂತು ಎಂದು ಸ್ಕೂಲಿನ ದಪ್ಪ ಶಬ್ದಕೋಶದಲ್ಲಿ ಹುಡುಕಿ, ಬಂದಾಗ ನಮಗೆ ಬಡಿಸುವುದು. ಒಮ್ಮೆ ಅವನು ಬಂದ ಸಂಜೆ ನಾನು ಪಡಸಾಲೆಯಲ್ಲಿ ಬೀಳುವ ಆಟವೆಲ್ಲ ಮಾಡಿ ತೋರಿಸಿದೆ. ಕಾಕಾನಿಗೆ ಸಾಕು, ಪಾಠ ಶುರುವಾಯಿತು. ಆಯಿಯದು ಎಡವುವುದು, ಬಾವಿಕಟ್ಟೆಯ ಮೇಲೆ ಅಪ್ಪನದು ಜಾರುವುದು, ಮುತ್ಯಾನದು ಕುಸಿಯುವುದು, ಎಳೆಗರುವಿನದು ಮುಗ್ಗರಿಸುವುದು, ಕುಡಿದವನದು ಉರುಳುವುದು. ನೋಡು, ನಮ್ಮಲ್ಲಿ ಒಂದೊಂದು ಬೀಳುವುದಕ್ಕೂ ಒಂದೊಂದು ಮಾತಿದೆ ಎಂದು ಹೆಮ್ಮೆಪಟ್ಟ. ನೀಲತ್ತಿ ಕೌದಿಯಿಂದ ತಲೆಯೆತ್ತಿದಳು.

"ಇದ್ರಾಗ ನಂದು ಯಾವ್ದೋ ಗುರು?"

ಅವಳೇ ಮುಂದುವರಿಸಿದಳು. "ನಾ ಎಡವಂಗಿಲ್ಲ, ಜಾರಂಗಿಲ್ಲ. ಗಾಳಿ ಅಂತೂ ಅಲ್ಲ, ಅದು ನನಗ ಗೊತ್ತದ. ನಿನ್ನ ಇಂಗ್ಲಿಷದಾಗರ ಒಂದು ಇದ್ರ ನೋಡು." ಎಂಥ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರುತ್ತಿದ್ದ ಕಾಕಾ ಕನ್ನಡಕ ತೆಗೆದು ಒರೆಸಿದ. "ನೋಡ್ತೇನಿ ಅಕ್ಕಾ" ಎಂದಷ್ಟೇ ಹೇಳಿದ.

ಮರುತಿಂಗಳು ಅವನು ಬಂದಾಗ ಕೈಕಾಲು ತೊಳೆಯುವ ಮೊದಲೇ ಅವಳ ಎದುರು ಕುಳಿತ. ಮಾತು ಸಿಕ್ಕಿದೆ, ಅದರ ಹೆಸರು ಟಂಬಲ್ ಎಂದ. ಈಗ ಅದಕ್ಕೆ ಆಯ ತಪ್ಪಿ ಉರುಳಿಬೀಳುವುದು ಎಂದರ್ಥ. ಆದರೆ ಬಹಳ ಹಿಂದೆ, ಆ ಭಾಷೆ ಇನ್ನೂ ಹಳ್ಳಿಗಾಡಿನದಾಗಿದ್ದಾಗ, ಅದಕ್ಕೆ ಕುಣಿಯುವುದು, ಲಾಗ ಹಾಕುವುದು ಎಂಬ ಅರ್ಥವೂ ಇತ್ತಂತೆ. ನಮ್ಮ ಡೊಂಬರು ಊರ ನಡುವೆ ಡೋಲು ಬಡಿದು, ಮೈಯನ್ನು ಗಾಳಿಯಲ್ಲಿ ತಿರುವಿ ನೆಲಕ್ಕೆ ಬರುತ್ತಾರಲ್ಲ, ಅದು. ಜರ್ಮನ್ನರ ಸೀಮೆಯಲ್ಲಿರುವ ಅದರ ದಾಯಾದಿ ತೂರಾಡುವುದಕ್ಕೆ ನಿಂತಿದೆ. ಫ್ರೆಂಚರ ಮನೆ ಸೇರಿದ ಇನ್ನೊಂದು ಕುಣಿತವನ್ನೆಲ್ಲ ಮರೆತು ಬೀಳುವುದನ್ನಷ್ಟೇ ಇಟ್ಟುಕೊಂಡಿದೆ. ಬೇಕೆಂದೇ ಬೀಳುತ್ತಿದ್ದವರ ಮಾತು ನಡೆಯುತ್ತ ನಡೆಯುತ್ತ ಬೇಡವೆಂದರೂ ಬೀಳುವವರ ಪಾಲಿಗೆ ಬಂದುಬಿಟ್ಟಿತು ಎಂದು ಕಾಕಾ ಕನ್ನಡಕ ಏರಿಸಿದ. ಇದೂ ನಿನ್ನದಕ್ಕೆ ಸರಿಯಾಗಿ ಕೂಡುವುದಿಲ್ಲ ಅಕ್ಕಾ, ಆದರೆ ಹತ್ತಿರ ಬರುತ್ತದೆ, ಎಂದೂ ಸೇರಿಸಿದ. ಕಾಳು ಹಸನು ಮಾಡುತ್ತಿದ್ದ ಆಯಿ ಮೊರ ನಿಲ್ಲಿಸಿದಳು. "ಹೆಣ್ಮಗಳು ಇದ್ದಂಗ ಅದ ಬಿಡು ಇದು. ತವರಾಗ ಕುಣೀತಿತ್ತು, ಕೊಟ್ಟ ಮನ್ಯಾಗ ಬಿತ್ತು" ಎಂದಳು. ಅಂದ ಮೇಲೆ ತಾನು ಅಂದದ್ದೇನೆಂದು ತಿಳಿದು ನಾಲಿಗೆ ಕಚ್ಚಿಕೊಂಡಳು. ಮೊದಲು ನಕ್ಕವಳು ನೀಲತ್ತಿ. ಅವಳು ನಕ್ಕ ಮೇಲೆ ನಮಗೆಲ್ಲ ನಗಲು ಅಪ್ಪಣೆ ಸಿಕ್ಕಂತಾಯಿತು.

ಅಂದಿನಿಂದ ಆ ಮಾತು ಮನೆಯದಾಯಿತು. ಬಿದ್ದಳು ಎನ್ನಲು ಬಾಯಿ ಬಾರದವರೆಲ್ಲ ಟಂಬಲ್ ಎನ್ನತೊಡಗಿದರು. ಮುತ್ಯಾ ಅದಕ್ಕೊಂದು ಬಾಲ ಹಚ್ಚಿ ಟಂಬಲ್ಲು ಮಾಡಿಕೊಂಡ. ಓಣಿಯವರು ಕೇಳಿದರೆ, ಮುಂಜಾನೆ ಒಂದು ಸಣ್ಣ ಟಂಬಲ್ಲು ಆತು, ಈಗ ಆರಾಮ ಇದ್ದಾಳೆ, ಎಂದು ಮಳೆಯ ಸುದ್ದಿ ಹೇಳಿದಂತೆ ಹೇಳುತ್ತಿದ್ದ. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಮಾತು ಹಗುರಾದರೆ ಅದನ್ನು ಹೊತ್ತವರೂ ಎಷ್ಟೋ ಹಗುರಾಗುತ್ತಾರೆ. ಆದರೆ ಗದ್ದಲ ಕಡಿಮೆಯಾಗಲಿಲ್ಲ. ಕೀಲಿಕೈ, ಉಳ್ಳಾಗಡ್ಡಿ, ದೇವರುಗಳು, ಎಲ್ಲ ಇದ್ದಲ್ಲೇ ಇದ್ದವು.

ಜೋಳದ ರಾಶಿ ನಡೆದಿದ್ದಾಗ ಹೊಳೆಯಾಚೆಯಿಂದ ಆಳು ಬಂದ. ಬರುವ ಸೋಮವಾರ ಮಲ್ಲಪ್ಪ ಮಾಮಾನ ಸೋದರಮಾವ ಸಿದ್ಧಣ್ಣ ಹಿರಿಯರನ್ನು ಕರೆದುಕೊಂಡು ಬರುತ್ತಾನೆ, ಸೋಡಚೀಟಿಯ ಮಾತಾಡಿ ಮುಗಿಸಬೇಕು ಎಂಬ ಸುದ್ದಿ. ಸೋಡಚೀಟಿ ಎಂದರೆ ಗಂಡಹೆಂಡಿರ ಋಣ ಹರಿದು ಕೈಬಿಡುವುದು. ನೀಲತ್ತಿಯ ಅತ್ತೆ ತನ್ನ ಮಗನಿಗೆ ಬೇರೆ ಹೆಣ್ಣು ನೋಡಿದ್ದಳಂತೆ. ಮುತ್ಯಾ ಬೀಗರ ಕೈಕಾಲು ಹಿಡಿಯುವುದೆಂದ, ಸೂಟಿಗೆ ಬಂದಿದ್ದ ಗುರುಕಾಕಾ ಸೋಮವಾರದ ತನಕ ರಜೆ ಹಾಕಿ ವಾದ ಹೂಡುವುದೆಂದ, ಅಪ್ಪ ಯಾವುದನ್ನೂ ಹೇಳದೆ ಕಣಕ್ಕೆ ಹೋದ. ನೀಲತ್ತಿಯನ್ನು ಯಾರೂ ಏನೂ ಕೇಳಲಿಲ್ಲ. ಮರುದಿನ ಎಲ್ಲರೂ ಹೊಲದಲ್ಲಿದ್ದಾಗ ಹಿತ್ತಲ ಬೇವಿನ ನೆರಳಲ್ಲಿ ನಾನೂ ಅವಳೂ ಇಬ್ಬರೇ.

"ಬಸ್ಯಾ, ನನ್ನ ಮಾಡಿ ತೋರಸು" ಎಂದಳು.

ದಾರದ ತುದಿಯನ್ನು ನಾಲಿಗೆಗೆ ಒತ್ತಿ, ಒಂದು ಕಣ್ಣು ಮುಚ್ಚಿ ಸೂಜಿಯ ಕಣ್ಣು ಹುಡುಕುವ ಅವಳನ್ನು ಮಾಡಿದೆ. ಅದಲ್ಲ, ಬೀಳುವುದನ್ನು ಮಾಡು ಎಂದಳು. ನನಗೆ ಬರುವುದಿಲ್ಲ ಎಂದೆ.

"ಸುಳ್ಳ ಹೇಳಬ್ಯಾಡ, ನಿನಗ ಬರ್ತದ. ಮಂದೆಲ್ಲ ನೋಡ್ಯಾರ. ಅತ್ತಿ ನೋಡ್ಯಾಳ, ಗಂಡ ನೋಡ್ಯಾನ, ಓಣಿ ನೋಡೇದ. ನಾ ಒಬ್ಬಾಕಿ ನೋಡಿಲ್ಲ. ಏನ ನೋಡಿ ನನ್ನ ಬಿಡಾಕತ್ತಾರ ಅಂತ ನನಗ ಗೊತ್ತಾಗಬೇಕಿಲ್ಲೇನೋ?"

ಮಾಡಿದೆ. ಹೊಲಿಯುತ್ತಿದ್ದ ಕೈ ನಡುವೆಯೇ ನಿಲ್ಲುವುದು, ಯಾರೋ ಮೇಲಿನಿಂದ ಹೆಸರು ಹಿಡಿದು ಕರೆದಂತೆ ಕಣ್ಣು ಅತ್ತ ತಿರುಗಿ ಅಲ್ಲೇ ನಿಲ್ಲುವುದು, ಗಂಟಲಲ್ಲೊಂದು ಗೊರಕು, ಆಮೇಲೆ ಆಸರೆ ತೆಗೆದ ಕಂಬದ ಹಾಗೆ ನೆಟ್ಟಗೆ ನೆಲಕ್ಕೆ. ಸೆಟೆತ, ನಡುಕ, ತುಟಿಯಂಚಿನ ನೊರೆ, ನಿಧಾನಕ್ಕೆ ಸಡಿಲಾಗುವ ಬೆರಳುಗಳು, ದೊಡ್ಡ ಉಸಿರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮೈಗೆ ಚಾಳಿ ಹತ್ತಿತ್ತಲ್ಲ, ಎದ್ದು ಆಯಿಯಾದೆ. ಸೊಂಟದಲ್ಲೇ ಇರುವ ಕೀಲಿಕೈಯನ್ನು ಮನೆಯೆಲ್ಲ ಹುಡುಕಿದೆ. ಅವ್ವನಾಗಿ ಉಳ್ಳಾಗಡ್ಡಿಯ ಬದಲು ನನ್ನ ಬೆರಳನ್ನೇ ಗುದ್ದಿಕೊಂಡೆ. ಮುತ್ಯಾನಾಗಿ ನಮ್ಮ ದೇವರು ಸಾಲದೆ ಬೀಗರ ಮನೆಯ ದೇವರನ್ನೂ ಕರೆದೆ. ಕೊನೆಗೆ ಕಂಬದ ಹಿಂದೆ ಬಾಯಿ ತೆರೆದು ನಿಂತು, ನೊಣ ಹೊಕ್ಕರೂ ತಿಳಿಯದ ನಾನೂ ಆದೆ. ನೀಲತ್ತಿ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನಾನು ನೆಲದ ಮೇಲಿದ್ದಷ್ಟು ಹೊತ್ತು ಅವಳ ಉಸಿರು ಕೇಳುತ್ತಿರಲಿಲ್ಲ. ಕೀಲಿಕೈ ಹುಡುಕುವಾಗ ತುಟಿ ಅಲುಗಿತು. ಮುತ್ಯಾನ ಹೊತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ನಗು ನಿಂತಿತು, ಕಣ್ಣೀರು ಒಂದಿಷ್ಟು ಹೊತ್ತು ತಾನಾಗಿಯೇ ಹರಿಯಿತು.

"ಇಷ್ಟೇ ಏನೋ?" ಎಂದಳು. "ನಾ ಬೀಳೂದು ಗೇಣಷ್ಟು, ನಿಮ್ಮ ಗದ್ದಲ ಊರಷ್ಟು. ಹೊಳಿ ಆಚಿಯವ್ರು ನನ್ನ ನೋಡಿ ಅಂಜಿಲ್ಲ ಬಸ್ಯಾ. ನನ್ನ ಸುತ್ತ ಒದರೋ ಮಂದೀನ ನೋಡಿ ಅಂಜ್ಯಾರ."

ಅಂದು ಸಂಜೆ ಮನೆಯವರೆಲ್ಲ ಕೈಕಾಲು ತೊಳೆದು ಕುಳಿತಾಗ ನೀಲತ್ತಿ ಹುಕುಂ ಹೊರಡಿಸಿದಳು. ಉಳ್ಳಾಗಡ್ಡಿ ಇನ್ನು ಮೇಲೆ ತಾಟಿನಲ್ಲೇ ಇರತಕ್ಕದ್ದು. ಯಾರೂ ಒದರತಕ್ಕದ್ದಲ್ಲ. ತಲೆಯ ಕೆಳಗೆ ಮಡಿಸಿದ ಕೌದಿ ಇಟ್ಟು, ಮಗ್ಗಲಿಗೆ ಹೊರಳಿಸಿ, ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು. ಕಬ್ಬಿಣ ಬೇಕೇ ಬೇಕೆಂದು ಆಯಿ ಹಟ ಹಿಡಿದಳು. ಹಾಗಾದರೆ ಕೀಲಿಕೈಯನ್ನು ನಿನ್ನ ಕೈಯಲ್ಲೇ ಗಟ್ಟಿಯಾಗಿ ಹಿಡಿದುಕೋ, ನಿನಗೇ ಧೈರ್ಯ ಬರುತ್ತದೆ, ಎಂದು ನೀಲತ್ತಿ ರಾಜಿ ಮಾಡಿಕೊಂಡಳು. ಸೋಮವಾರಕ್ಕೆ ಮೊದಲು ಒಮ್ಮೆ ಅವಳು ಬಿದ್ದಾಗ ಮನೆಗೇ ಪರೀಕ್ಷೆ. ಆಯಿ ಎರಡೂ ಕೈಯಲ್ಲಿ ಕೀಲಿಕೈ ಹಿಡಿದು ಗೋಡೆಗೆ ಒರಗಿದ್ದಳು. ಮುತ್ಯಾ ಧೋತರದ ತುದಿಯನ್ನು ಬಾಯಿಗೆ ತುರುಕಿಕೊಂಡು ದೇವರುಗಳನ್ನೆಲ್ಲ ಒಳಗೇ ತಡೆದಿದ್ದ. ಓಣಿಗೆ ಸುದ್ದಿಯೇ ಹೋಗಲಿಲ್ಲ.

ಸೋಮವಾರ ಅವರು ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದೆವು. ನಡುವೆ ಸಿದ್ಧಣ್ಣ, ಅಕ್ಕಪಕ್ಕ ಇಬ್ಬರು ಹಿರಿಯರು, ಬಾಗಿಲ ಹತ್ತಿರ ತನ್ನ ಕೈಯನ್ನೇ ನೋಡುತ್ತ ಮಲ್ಲಪ್ಪ ಮಾಮಾ. ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ. ಮಳೆ ಬೆಳೆಯ ಮಾತು ಮುಗಿದ ಮೇಲೆ ಸಿದ್ಧಣ್ಣ ಗಂಟಲು ಸರಿಮಾಡಿಕೊಂಡು, ಗಾಳಿ ಹಿಡಿದ ಹೆಣ್ಣನ್ನು ಇಟ್ಟುಕೊಂಡು ಸಂಸಾರ ಮಾಡುವುದು ಹೇಗೆ, ನೀವೇ ಹೇಳಿ ಎಂದ. ಕೈಕಾಲು ಹಿಡಿಯಬೇಕಾಗಿದ್ದ ಮುತ್ಯಾ ನೆಟ್ಟಗೆ ಕುಳಿತ. "ಗಾಳಿ ಅಲ್ಲರಿ ಅದು. ಟಂಬಲ್ಲು" ಎಂದ. ಸಿದ್ಧಣ್ಣನ ಬಾಯಲ್ಲಿ ಅಡಿಕೆ ನಿಂತಿತು. ಮುಖದ ಮೇಲೆ ಒಂದು ಮರ್ಯಾದೆ ಮೂಡಿತು. ದವಾಖಾನೆಯಲ್ಲಿ ಹೇಳಿದರೇನು, ದೊಡ್ಡ ಡಾಕ್ಟರು ನೋಡಿದ್ದಾರೇನು ಎಂದು ದನಿ ಇಳಿಸಿ ಕೇಳಿದ. ಅಲ್ಲಿದ್ದವರೆಲ್ಲ ಗುರುಕಾಕಾನತ್ತ ತಿರುಗಿದರು. ಒಂದು ಹೂಂ ಅಂದಿದ್ದರೆ ಸಾಕಿತ್ತು. ಆದರೆ ಮಾಸ್ತರರಿಗೆ ಸುಳ್ಳು ಹೇಳಲು ಬಾರದು, ಪಾಠ ನಿಲ್ಲಿಸಲೂ ಬಾರದು. ಇಲ್ಲ, ಅದು ಬೇನೆಯ ಹೆಸರಲ್ಲ, ಕ್ರಿಯಾಪದ ಎಂದು ಕಾಕಾ ಶುರುಮಾಡಿದ. ಡೊಂಬರು, ಜರ್ಮನ್ನರು, ಫ್ರೆಂಚರು ಎಲ್ಲ ಒಬ್ಬರ ಹಿಂದೊಬ್ಬರು ನಮ್ಮ ಪಡಸಾಲೆ ಹತ್ತಿ ಬಂದರು. ಸಿದ್ಧಣ್ಣನ ಮುಖದ ಮೇಲಿನ ಮರ್ಯಾದೆ ಮೆಲ್ಲಗೆ ಇಳಿದುಹೋಯಿತು. "ಡೊಂಬರ ಕುಣಿತ ತಗೊಂಡು ನಾವೇನ ಮಾಡೂನ್ರಿ ಮಾಸ್ತರ?" ಎಂದ.

ಆಗ ನೀಲತ್ತಿ ಬಾಗಿಲು ದಾಟಿ ಬಂದಳು. ತಲೆಯ ಮೇಲೆ ಸೆರಗು ಹೊದ್ದು ಜಮಖಾನೆಯ ಅಂಚಿನಲ್ಲಿ, ಗಂಡನಿಂದ ಒಂದು ಮಾರು ದೂರದಲ್ಲಿ ಕುಳಿತಳು. "ನಾ ಹೇಳ್ತೇನ್ರಿ. ನಾ ಬೀಳ್ತೇನಿ, ಬಿದ್ದು ಏಳ್ತೇನಿ. ನಡುವಿಂದು ನನಗ ಗೊತ್ತಿದ್ದಿಲ್ಲ, ಈಗ ನೋಡೀನಿ. ಅದ್ರಾಗ ಅಂಜೂದೇನಿಲ್ಲ" ಎಂದಳು. ಮುಂದಿನ ಮಾತು ಬರಲಿಲ್ಲ. ಅವಳ ಕೈ ನಿಂತಿತು, ಕಣ್ಣು ಮೇಲಕ್ಕೆ ತಿರುಗಿತು. ಸಿದ್ಧಣ್ಣ ಅರ್ಧ ಎದ್ದವನು, ಈಗ ಯಾರು ಒದರುತ್ತಾರೋ ಎಂದು ಎಲ್ಲರ ಮುಖ ನೋಡಿದ. ಯಾರೂ ಒದರಲಿಲ್ಲ. ಅವ್ವ ಕೌದಿ ತರಲು ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ಮಲ್ಲಪ್ಪ ಮಾಮಾ ಸರಿದು ಬಂದು, ತನ್ನ ತಲೆಯ ಮೇಲಿನ ರುಮಾಲನ್ನು ತೆಗೆದು, ಮಡಿಸಿ, ಅವಳ ತಲೆಯ ಕೆಳಗಿಟ್ಟ. ಹಿರಿಯರ ಮುಂದೆ ರುಮಾಲು ತೆಗೆಯುವುದೆಂದರೆ ನಮ್ಮ ಕಡೆ ಮಾನವನ್ನೇ ತೆಗೆದು ನೆಲಕ್ಕಿಟ್ಟ ಹಾಗೆ. ಸಿದ್ಧಣ್ಣ ಮತ್ತೆ ಕುಳಿತ. ದನಗಳು ಮೆಲುಕು ಹಾಕುವ ಸದ್ದಷ್ಟೇ ಕೇಳುತ್ತಿತ್ತು. ನಡುಕ ಇಳಿಯಿತು. ಅವಳಿಗೆ ನಿದ್ದೆ ಹತ್ತಿತು. ನಾವೆಲ್ಲ, ಬಿಡಲು ಬಂದವರೂ ಇಟ್ಟುಕೊಂಡವರೂ, ಮಲಗಿದ ಹೆಂಗಸೊಬ್ಬಳ ಸುತ್ತ ಮಾತಿಲ್ಲದೆ ಕುಳಿತೆವು. ಬಹಳ ಹೊತ್ತಿನ ಮೇಲೆ ಅವಳು ಎದ್ದು ಕುಳಿತು ಸೆರಗು ಸರಿಮಾಡಿಕೊಂಡು ನೀರು ಕೇಳಿ ಕುಡಿದಳು.

"ಎಲ್ಲೀತನ ಹೇಳಿದ್ದೆ?"

ಉತ್ತರ ಕೊಟ್ಟವನು ಮಾಮಾ. ಅವನ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅಂದೇ ಮೊದಲು. "ಅಂಜೂದೇನಿಲ್ಲ ಅನ್ನೂತನ" ಎಂದ. ಅವಳತ್ತ ತಿರುಗಿ, "ಮುಂದಿಂದು ನಮ್ಮ ಮನ್ಯಾಗ ಹೇಳಂತಿ, ನಡಿ" ಎಂದ. ಸಿದ್ಧಣ್ಣ ಅವನ ತಾಯಿಯ ಮಾತೆತ್ತಿದಾಗ, ಅವ್ವನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದು ಬರಿದಲೆಯಲ್ಲೇ ಎದ್ದು ಬಂಡಿ ಹೂಡಲು ಹೋದ. ಗುರುಕಾಕಾನ ಪಾಠವಿನ್ನೂ ಮುಗಿದಿರಲಿಲ್ಲವಾದರೂ ಯಾರೂ ಉಳಿದದ್ದನ್ನು ಕೇಳಲಿಲ್ಲ.

ಆಮೇಲೆ ಸೂಟಿ ಬಂದಾಗಲೆಲ್ಲ ನಾನು ಹೊಳೆ ದಾಟಿ ಅವಳ ಮನೆಗೆ ಹೋಗುತ್ತಿದ್ದೆ. ಮಾಮಾ ಒಲೆಯ ಸುತ್ತ ಮೊಳದೆತ್ತರ ಮಣ್ಣಿನ ಕಟ್ಟೆ ಎತ್ತಿಸಿದ್ದ. ನೀಲತ್ತಿ ರೊಟ್ಟಿ ಬಡಿಯುವಾಗ ಅತ್ತೆ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಸೊಸೆ ಬೀಳುತ್ತಾಳೆಂದಲ್ಲ, ರೊಟ್ಟಿ ಸುಡುತ್ತಾಳೆಂದು ಕುಳಿತಿದ್ದೇನೆ ಎನ್ನುತ್ತಿದ್ದಳು. ನಾನು ಆ ಮುದುಕಿಯನ್ನೂ ಕಲಿತುಕೊಂಡು ಬಂದು ಅತನೂರಿನಲ್ಲಿ ಮಾಡಿ ತೋರಿಸಿದೆ. ಆಯಿ ಬಹಳ ನಕ್ಕಳು. ಈಗ ನಗುವುದಕ್ಕೆ ಆಯಿಯಿಲ್ಲ, ಕ್ರಿಯಾಪದಗಳ ಗುರುಕಾಕಾನಿಲ್ಲ, ದೇವರುಗಳನ್ನು ಕರೆದು ಕರೆದು ಕೊನೆಗೆ ತಾನೇ ಅವರ ಬಳಿಗೆ ಹೋದ ಮುತ್ಯಾನಿಲ್ಲ. ಇವರೆಲ್ಲರ ನಡೆ, ಕೆಮ್ಮು, ಸಿಟ್ಟು ನನ್ನ ಮೈಯೊಳಗಿವೆ. ಮಾಡಿದರೆ ನೋಡಿ ಗುರುತು ಹಿಡಿಯುವವರು ಇಲ್ಲ. ಅವರೆಲ್ಲರಿಗಿಂತ ಮೊದಲು ಹೋದವಳು ನೀಲತ್ತಿ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಸುಗ್ಗಿಯಲ್ಲಿ ಮಲ್ಲಪ್ಪ ಮಾಮಾ ತಾನೇ ಸುದ್ದಿ ತಂದ. ಆಯಿ ಅವನನ್ನು ಪಡಸಾಲೆಯಲ್ಲಿ ಕೂರಿಸಿ, ಎಲ್ಲಿ ಬಿದ್ದಳು ಎಂದು ಕೇಳಿದಳು.

"ಬೀಳಲಿಲ್ಲರಿ ಅತ್ತಿ" ಎಂದ ಮಾಮಾ. "ಮುಂಜಾನಿ ರೊಟ್ಟಿ ಬಡದು, ಎಲ್ಲಾರಿಗೂ ನೀಡಿ, ಜರಾ ಅಡ್ಡಾಗ್ತೇನಿ ಅಂದ್ಲು. ಮಲಗಿದಾಕಿ ಏಳಲಿಲ್ಲ."

"ಎಲ್ಲಿ ಮಲಗಿದ್ಲು?"

"ತನ್ನ ಒಲಿ ಮುಂದರಿ."

ಆಯಿ ಒಳ್ಳೆಯ ಸುದ್ದಿ ಕೇಳಿದವಳಂತೆ ತಲೆಯಾಡಿಸಿದಳು. ಎದ್ದು ಅಡುಗೆಮನೆಗೆ ಹೋಗಿ, ಉರಿಯುತ್ತಿದ್ದ ಕೊಳ್ಳಿಗಳನ್ನು ಹೊರಗೆಳೆದು ನೀರು ಚಿಮುಕಿಸಿದಳು. ಅಂದು ನಮ್ಮ ಮನೆಯಲ್ಲಿ ಮತ್ತೆ ಒಲೆ ಹೊತ್ತಿಸಲಿಲ್ಲ.